ಥೈರಾಯ್ಡ್ ಕೋಶ ಅಯೋಡೈಡನ್ನು ಒಳಗೆಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶರೀರಕ್ರಿಯೆ ಪಾಠ ಮಾಡುವುದು ನನ್ನ ಕೆಲಸ. ಥೈರಾಯ್ಡ್ ಪಾಠ ಬಂದಾಗ ಕ್ಲಾಸಿನಲ್ಲಿ ಹುಡುಗರು ಕೇಳುವ ಪ್ರಶ್ನೆಗಳು ಒಂದು ಥರ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತ ಚಿಕ್ಕಮ್ಮ ಕೇಳುವುದು ಇನ್ನೊಂದು ಥರ: "ಕೋಸಿನ ಪಲ್ಯ ಬಡಿಸಿದಾರಲ್ಲ, ನಾನು ತಿನ್ನಬಹುದೇನೋ?" ಎರಡೂ ಥರದ ಪ್ರಶ್ನೆಗಳು ಕೊನೆಗೆ ಬಂದು ನಿಲ್ಲುವುದು ಒಂದೇ ಬಾಗಿಲಲ್ಲಿ. ಥೈರಾಯ್ಡ್ ಕೋಶದ ಗೋಡೆಯಲ್ಲಿರುವ ಒಂದು ಪ್ರೊಟೀನು ಆ ಬಾಗಿಲು. ಅದೊಂದು ಅರ್ಥವಾದರೆ ಉಪ್ಪು, ಕೋಸು, ಸ್ಕ್ಯಾನ್, ಅಣುಸ್ಥಾವರದ ಮಾತ್ರೆ ಎಲ್ಲದಕ್ಕೂ ಉತ್ತರ ಸಿಗುತ್ತದೆ.

ಅಯೋಡಿನ್, ಅಯೋಡೈಡ್, ಅಯೋಡೇಟ್. ಇವೆಲ್ಲ ಒಂದೇನಾ?

ಮೂಲವಸ್ತು ಒಂದೇ, ವೇಷ ಬೇರೆ. ಅಯೋಡಿನ್ ಪರಮಾಣು ಒಂದು ಎಲೆಕ್ಟ್ರಾನನ್ನು ಹೆಚ್ಚಿಗೆ ಪಡೆದು ಋಣ ವಿದ್ಯುದಂಶ ಹೊತ್ತು ನಿಂತರೆ ಅದು ಅಯೋಡೈಡ್. ರಕ್ತದಲ್ಲಿ ಓಡಾಡುವುದು, ಥೈರಾಯ್ಡ್ ಎಳೆದುಕೊಳ್ಳುವುದು ಈ ರೂಪವನ್ನೇ.

ಮನೆಯ ಉಪ್ಪಿನ ಪ್ಯಾಕೆಟ್ಟನ್ನು ಒಮ್ಮೆ ತಿರುಗಿಸಿ ನೋಡಿ. ಪೊಟ್ಯಾಸಿಯಂ ಅಯೋಡೇಟ್ ಎಂದು ಬರೆದಿರುತ್ತದೆ. ಅಯೋಡೈಡನ್ನೇ ಬೆರೆಸಬಹುದಿತ್ತಲ್ಲ ಎಂದರೆ, ನಮ್ಮಂಥ ಸೆಕೆ, ತೇವದ ಊರಿನಲ್ಲಿ ಅದು ಬೇಗ ಹಾರಿಹೋಗುತ್ತದೆ. ಅಯೋಡೇಟ್, ಅಂದರೆ ಆಮ್ಲಜನಕದ ಜೊತೆ ಕೂಡಿದ ಅಯೋಡಿನ್, ಗಟ್ಟಿ. ಹೊಟ್ಟೆಗೆ ಹೋದ ಮೇಲೆ ಅದೇ ಅಯೋಡೈಡ್ ಆಗುತ್ತದೆ, ಚಿಂತೆ ಬೇಡ.

ದಿನಕ್ಕೆ ಎಷ್ಟು ಬೇಕು?

ದೊಡ್ಡವರಿಗೆ 150 ಮೈಕ್ರೋಗ್ರಾಂ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 250. ಗುಣಿಸಿ ನೋಡಿ. ದಿನಕ್ಕೆ 150ರಂತೆ 70 ವರ್ಷಕ್ಕೂ 4 ಗ್ರಾಂ ದಾಟುವುದಿಲ್ಲ. ಜೀವಮಾನಕ್ಕೆಲ್ಲ ಒಂದು ಟೀ ಚಮಚ ಉಪ್ಪಿನ ತೂಕವೂ ಇಲ್ಲ!

ನಮ್ಮ ದೇಶದ ನಿಯಮದ ಪ್ರಕಾರ ಮನೆಗೆ ಬರುವ ಉಪ್ಪಿನಲ್ಲಿ ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು. ತಯಾರಾಗುವ ಕಡೆ ಅದಕ್ಕಿಂತ ಜಾಸ್ತಿ ಇರಬೇಕು. ದಾರಿಯಲ್ಲಿ, ಅಂಗಡಿಯಲ್ಲಿ, ಅಡುಗೆಮನೆ ಡಬ್ಬಿಯಲ್ಲಿ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತದೆ ಎಂದೇ ಈ ವ್ಯತ್ಯಾಸ.

ರಕ್ತದಲ್ಲಿ ಇಷ್ಟು ಕಮ್ಮಿ ಇರುವುದನ್ನು ಗ್ರಂಥಿ ಹೇಗೆ ಹಿಡಿಯುತ್ತದೆ?

ಪಾಠದ ಜೀವಾಳ ಇರುವುದೇ ಇಲ್ಲಿ. ಥೈರಾಯ್ಡ್ ಕೋಶದೊಳಗೆ ಅಯೋಡೈಡ್ ರಕ್ತದಲ್ಲಿರುವುದಕ್ಕಿಂತ 20ರಿಂದ 40 ಪಟ್ಟು ಜಾಸ್ತಿ. ಯಾವ ವಸ್ತುವಾದರೂ ಜಾಸ್ತಿ ಇರುವ ಕಡೆಯಿಂದ ಕಮ್ಮಿ ಇರುವ ಕಡೆಗೆ ಹರಿಯುತ್ತದೆ. ಇಲ್ಲಿ ಅದರ ಉಲ್ಟಾ ನಡೆಯಬೇಕು. ಸಾಲದ್ದಕ್ಕೆ ಕೋಶದ ಒಳಭಾಗ ಹೊರಗಿಗಿಂತ ಋಣ ವಿದ್ಯುತ್ತಿನದು. ಅಯೋಡೈಡೂ ಋಣ. ಅಂದರೆ ಒಳಗಿನಿಂದ ಯಾರೋ ಬಾಗಿಲನ್ನು ಒತ್ತಿ ಹಿಡಿದ ಹಾಗೆ.

ಹುಡುಗರಿಗೆ ನಾನು ಕಪಿಲೆಯ ಚಿತ್ರ ಬರೆದು ತೋರಿಸುತ್ತೇನೆ. ಬಯಲುಸೀಮೆಯಲ್ಲಿ ಪಂಪ್‌ಸೆಟ್ ಬರುವ ಮೊದಲು ತೋಟಕ್ಕೆ ನೀರು ಹಾಯಿಸುತ್ತಿದ್ದುದು ಕಪಿಲೆಯಿಂದ. ಬಾವಿಯ ಅಂಚಿನಿಂದ ಒಂದು ಇಳಿಜಾರು. ಜೋಡೆತ್ತು ಆ ಇಳಿಜಾರಿನಲ್ಲಿ ಕೆಳಗೆ ನಡೆಯುತ್ತವೆ, ಮಿಣಿ ಬಿಗಿಯುತ್ತದೆ, ಆ ಕಡೆ ಬಾವಿಯಿಂದ ನೀರು ತುಂಬಿದ ಚರ್ಮದ ಚೀಲ ಮೇಲೆ ಬರುತ್ತದೆ. ಎತ್ತು ಇಳಿದರೆ ನೀರು ಏರುತ್ತದೆ.

ಥೈರಾಯ್ಡಿನ ಕಪಿಲೆಗೆ ಸೋಡಿಯಂ ಅಯೋಡೈಡ್ ಸಿಂಪೋರ್ಟರ್ ಎಂದು ಹೆಸರು. ಚುಟುಕಾಗಿ ಎನ್‌ಐಎಸ್. ಕೋಶದ ರಕ್ತದ ಕಡೆಯ ಗೋಡೆಯಲ್ಲಿ ಇದು ಕೂತಿರುತ್ತದೆ. ಸೋಡಿಯಂ ಹೊರಗೆ ಜಾಸ್ತಿ, ಒಳಗೆ ಅದರ ಹತ್ತನೇ ಒಂದು ಪಾಲು. ಜೊತೆಗೆ ಅದು ಧನ ವಿದ್ಯುತ್ತಿನದು, ಒಳಗಿನ ಋಣ ಅದನ್ನು ಕರೆಯುತ್ತದೆ. ಹಾಗಾಗಿ ಸೋಡಿಯಂಗೆ ಒಳಗೆ ಬರುವುದೆಂದರೆ ಇಳಿಜಾರು. ಎರಡು ಸೋಡಿಯಂ ಇಳಿಯುತ್ತವೆ, ಒಂದು ಅಯೋಡೈಡ್ ಅವುಗಳ ಜೊತೆ ಏರುತ್ತದೆ. ಜೋಡೆತ್ತು, ಒಂದು ಚೀಲ. ಲೆಕ್ಕ ಕೂಡ ಸರಿಯಾಗಿ ಕೂರುತ್ತದೆ ನೋಡಿ.

ಹಾಗಾದರೆ ಇದಕ್ಕೆ ಶಕ್ತಿಯೇ ಬೇಡವಾ?

ಬೇಕು, ಖರ್ಚಾಗುವ ಜಾಗ ಬೇರೆ. ಇಳಿದ ಎತ್ತುಗಳನ್ನು ಮತ್ತೆ ಮೇಲೆ ತರಬೇಕಲ್ಲ? ಆ ಕೆಲಸ ಮಾಡುವುದು ಅದೇ ಗೋಡೆಯಲ್ಲಿರುವ ಸೋಡಿಯಂ ಪೊಟ್ಯಾಸಿಯಂ ಪಂಪು. ಕೋಶದ ಇಂಧನವಾದ ಎಟಿಪಿ ಒಂದನ್ನು ಸುಟ್ಟು ಮೂರು ಸೋಡಿಯಂಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಓವಾಬೈನ್ ಎಂಬ ವಿಷದಿಂದ ಈ ಪಂಪನ್ನು ನಿಲ್ಲಿಸಿದರೆ ಸೋಡಿಯಂ ಒಳಗೇ ತುಂಬಿಕೊಳ್ಳುತ್ತದೆ, ಇಳಿಜಾರು ಸಪಾಟಾಗುತ್ತದೆ, ಅಯೋಡೈಡ್ ಬರುವುದೂ ನಿಲ್ಲುತ್ತದೆ. ಎನ್‌ಐಎಸ್ ಕೆಟ್ಟಿರುವುದಿಲ್ಲ. ಎತ್ತಿಲ್ಲ, ಅಷ್ಟೇ.

ಪರೀಕ್ಷೆಯಲ್ಲಿ "ಎನ್‌ಐಎಸ್ ಎಟಿಪಿ ಬಳಸುತ್ತದೆ" ಎಂದು ಬರೆದವರಿಗೆ ನಾನು ಅರ್ಧ ಅಂಕ ಕಳೆಯುವುದು ಇದಕ್ಕೇ.

ಇನ್ನೊಂದು ಸೊಗಸು ಇದೆ. ಎನ್‌ಐಎಸ್‌ಗೆ ಸುಮ್ನೆ ಅಯೋಡೈಡ್ ಕೊಟ್ಟರೆ ಹಿಡಿತ ಸಡಿಲ. ಎರಡು ಸೋಡಿಯಂ ಮೊದಲು ಕೂತರೆ ಹಿಡಿತ ಸುಮಾರು ಹತ್ತು ಪಟ್ಟು ಬಿಗಿಯಾಗುತ್ತದೆ. ನಮ್ಮ ರಕ್ತದಲ್ಲಿರುವಷ್ಟು ಸೋಡಿಯಂ ಇದ್ದಾಗ ನೂರಕ್ಕೆ 79ರಷ್ಟು ಎನ್‌ಐಎಸ್ ಅಣುಗಳು ಎರಡೆರಡು ಸೋಡಿಯಂ ಹೊತ್ತು ಕಾದಿರುತ್ತವೆ ಎಂದು 2014ರಲ್ಲಿ ಲೆಕ್ಕ ಹಾಕಿದರು. ನೊಗ ಕಟ್ಟಿಯೇ ನಿಂತಿರುವ ಎತ್ತುಗಳು. ರಕ್ತದಲ್ಲಿ ಅಯೋಡೈಡ್ ತೀರಾ ಕಮ್ಮಿ ಇದ್ದರೂ ಕೆಲಸ ನಡೆಯುವುದು ಇದರಿಂದ.

ಇದನ್ನು ಕಂಡುಹಿಡಿದವರು ಯಾರು?

ಥೈರಾಯ್ಡಿನಲ್ಲಿ ಅಯೋಡಿನ್ ಇದೆ ಎಂದು ಜರ್ಮನಿಯ ಬೌಮನ್ ಕಂಡಿದ್ದು 1890ರ ದಶಕದಲ್ಲಿ. ಅದು ಒಳಗೆ ಬರುವ ಬಾಗಿಲು ಕೈಗೆ ಸಿಗಲು ಮತ್ತೆ ನೂರು ವರ್ಷ ಬೇಕಾಯಿತು. 1996ರಲ್ಲಿ ನ್ಯೂಯಾರ್ಕಿನಲ್ಲಿ ನ್ಯಾನ್ಸಿ ಕರಾಸ್ಕೊ ಅವರ ತಂಡ ಇದರ ಜೀನನ್ನು ಹಿಡಿಯಿತು.

ಅವರು ಮಾಡಿದ ಉಪಾಯ ನನಗೆ ತುಂಬ ಇಷ್ಟ. ಇಲಿಯ ಥೈರಾಯ್ಡ್ ಕೋಶಗಳಲ್ಲಿರುವ ಜೀನ್ ಸಂದೇಶಗಳನ್ನು ಗುಂಪು ಗುಂಪಾಗಿ ಮಾಡಿ ಕಪ್ಪೆಯ ಮೊಟ್ಟೆಗಳಿಗೆ ಚುಚ್ಚಿದರು. ಕಪ್ಪೆ ಮೊಟ್ಟೆಗೆ ಅಯೋಡೈಡ್ ಎಳೆಯುವ ಅಭ್ಯಾಸವೇ ಇಲ್ಲ. ಯಾವ ಗುಂಪು ಚುಚ್ಚಿದ ಮೊಟ್ಟೆ ವಿಕಿರಣವಿರುವ ಅಯೋಡೈಡನ್ನು ನುಂಗಿತೋ ಆ ಗುಂಪನ್ನು ಮತ್ತೆ ಒಡೆದು, ಮತ್ತೆ ಚುಚ್ಚಿ, ಕೊನೆಗೆ ಒಂದೇ ಒಂದು ಜೀನ್ ಉಳಿಯುವ ತನಕ ಜರಡಿ ಹಿಡಿದರು. ಅದೇ ವರ್ಷ ಮನುಷ್ಯನ ಎನ್‌ಐಎಸ್ ಕೂಡ ಸಿಕ್ಕಿತು. 643 ಅಮೈನೊ ಆಮ್ಲಗಳ ಸರ, ಕೋಶದ ಪೊರೆಯನ್ನು 13 ಸಲ ಹೊಲಿದಂತೆ ಹಾದುಹೋಗುತ್ತದೆ. ಅದರ ಆಕಾರ ಕಣ್ಣಿಗೆ ಕಂಡಿದ್ದು ಮೊನ್ನೆ ಮೊನ್ನೆ, 2022ರಲ್ಲಿ.

ಒಳಗೆ ಬಂದ ಅಯೋಡೈಡ್ ಮುಂದೆ ಎಲ್ಲಿಗೆ ಹೋಗುತ್ತದೆ?

ಥೈರಾಯ್ಡ್ ಕೋಶಗಳು ದುಂಡಗೆ ಕೈಕೈ ಹಿಡಿದು ಕೂತಿರುತ್ತವೆ. ನಡುವಿನ ಅಂಗಳದಲ್ಲಿ ಲೋಳೆಯಂಥ ಕೊಲಾಯ್ಡ್. ಕಪಿಲೆ ಇರುವುದು ಹೊರಗೋಡೆಯಲ್ಲಿ, ಹಾರ್ಮೋನು ತಯಾರಾಗುವುದು ಅಂಗಳದಲ್ಲಿ. ಹಾಗಾಗಿ ಅಯೋಡೈಡ್ ಕೋಶವನ್ನು ಹಾದು ಒಳಗಿನ ಗೋಡೆಯಿಂದ ಅಂಗಳಕ್ಕೆ ಇಳಿಯಬೇಕು. ಅಲ್ಲಿ ಎತ್ತು ಬೇಕಿಲ್ಲ, ಇಳಿಜಾರು ಅದಕ್ಕೇ ಅನುಕೂಲವಾಗಿದೆ. ಪೆಂಡ್ರಿನ್, ಅನೊಕ್ಟಮಿನ್ ಎಂಬ ಪ್ರೊಟೀನುಗಳು ದಾರಿ ಬಿಡುತ್ತವೆ.

ಅಂಗಳದ ಅಂಚಿನಲ್ಲಿ ಥೈರಾಯ್ಡ್ ಪೆರಾಕ್ಸಿಡೇಸ್ ಎಂಬ ಕಿಣ್ವ ಕಾದಿರುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಆಂಟಿ ಟಿಪಿಒ ಎಂದು ನೋಡಿರುತ್ತೀರಿ, ಆ ಟಿಪಿಒ ಇದೇ. ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಅದು ಅಯೋಡೈಡನ್ನು ಚುರುಕು ಮಾಡಿ ಥೈರೋಗ್ಲಾಬ್ಯುಲಿನ್ ಎಂಬ ದೊಡ್ಡ ಪ್ರೊಟೀನಿನ ಟೈರೋಸಿನ್‌ಗಳಿಗೆ ಅಂಟಿಸುತ್ತದೆ. ಅಂಟಿದ ಟೈರೋಸಿನ್‌ಗಳು ಜೋಡಿಯಾದರೆ ಹಾರ್ಮೋನು. ನಾಲ್ಕು ಅಯೋಡಿನ್ ಇದ್ದರೆ ಟಿ4, ಮೂರಿದ್ದರೆ ಟಿ3.

ತಯಾರಾದ ಮಾಲು ತಕ್ಷಣ ಪೇಟೆಗೆ ಹೋಗುವುದಿಲ್ಲ. ಎರಡು ಮೂರು ತಿಂಗಳಿಗೆ ಆಗುವಷ್ಟು ಕೊಲಾಯ್ಡಿನಲ್ಲಿ ದಾಸ್ತಾನು ಇರುತ್ತದೆ. ಬೇಕಾದಾಗ ಕೋಶ ಒಂದೊಂದು ಗುಟುಕು ಕೊಲಾಯ್ಡ್ ನುಂಗಿ, ಒಡೆದು, ಟಿ4, ಟಿ3ಯನ್ನು ರಕ್ತಕ್ಕೆ ಬಿಡುತ್ತದೆ. ಜೋಡಿಯಾಗದೆ ಉಳಿದ ಟೈರೋಸಿನ್‌ಗಳಿಂದ ಅಯೋಡೈಡನ್ನು ಕಿತ್ತು ಮತ್ತೆ ಬಳಸುತ್ತದೆ. ಒಗ್ಗರಣೆ ಎಣ್ಣೆಯನ್ನೂ ಎತ್ತಿಡುವ ಅಜ್ಜಿಯಂಥ ಕೋಶ ಇದು.

ಕಿವಿ ಕೇಳದಿರುವುದಕ್ಕೂ ಥೈರಾಯ್ಡಿಗೂ ಸಂಬಂಧ ಇದೆಯಾ?

ಕೆಲವರಲ್ಲಿ ಇದೆ. 1896ರಲ್ಲಿ ಇಂಗ್ಲೆಂಡಿನ ವೈದ್ಯ ವಾನ್ ಪೆಂಡ್ರೆಡ್ ಒಂದೇ ಮನೆಯ ಇಬ್ಬರು ಅಕ್ಕತಂಗಿಯರನ್ನು ವರ್ಣಿಸಿದರು. ಇಬ್ಬರಿಗೂ ಕಿವುಡು, ಇಬ್ಬರಿಗೂ ಗಳಗಂಡ. ಕಾರಣವಾದ ಜೀನ್ 1997ರಲ್ಲಿ ಸಿಕ್ಕಿತು, ಅದು ಮಾಡುವ ಪ್ರೊಟೀನಿಗೆ ಪೆಂಡ್ರಿನ್ ಎಂದೇ ಹೆಸರಾಯಿತು. ಒಳಕಿವಿಯಲ್ಲಿ ಅದು ಬೈಕಾರ್ಬೊನೇಟ್ ಸಾಗಿಸುತ್ತದೆ, ಅದು ಕೆಟ್ಟರೆ ಕಿವಿಯೂ ಕೇಳದು.

ಟಿಎಸ್‌ಎಚ್ ಜಾಸ್ತಿ ಆದರೆ ಈ ಪಂಪಿಗೆ ಏನಾಗುತ್ತದೆ?

ಟಿಎಸ್‌ಎಚ್ ಎಂಬ ಹಾರ್ಮೋನು ಥೈರಾಯ್ಡಿಗೆ ಮೇಸ್ತ್ರಿ ಇದ್ದ ಹಾಗೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅದನ್ನು ಕಳಿಸುತ್ತದೆ. ಟಿಎಸ್‌ಎಚ್ ಬಂದರೆ ಕೋಶ ಹೊಸ ಎನ್‌ಐಎಸ್ ತಯಾರಿಸುತ್ತದೆ, ಇದ್ದದ್ದನ್ನು ಗೋಡೆಯಲ್ಲೇ ಇರಿಸಿಕೊಳ್ಳುತ್ತದೆ. ಟಿಎಸ್‌ಎಚ್ ನಿಂತರೆ ಗೋಡೆಯಲ್ಲಿದ್ದ ಎನ್‌ಐಎಸ್ ಕೋಶದ ಒಳಗೆ ಸರಿದುಬಿಡುತ್ತದೆ. ಕಪಿಲೆ ಬಿಚ್ಚಿ ಕೊಟ್ಟಿಗೆಗೆ ಹಾಕಿದ ಹಾಗೆ. ಪ್ರೊಟೀನ್ ಇದೆ, ಕೆಲಸ ಇಲ್ಲ.

ಗಳಗಂಡ ಬರುವುದೂ ಇದೇ ದಾರಿಯಲ್ಲಿ. ಮಳೆ ಜಾಸ್ತಿ ಬೀಳುವ ಗುಡ್ಡಗಾಡಿನ ಮಣ್ಣಿನಿಂದ ಅಯೋಡಿನ್ ತೊಳೆದುಹೋಗುತ್ತದೆ. ಊಟದಲ್ಲಿ ಅಯೋಡಿನ್ ಕಮ್ಮಿ, ಹಾರ್ಮೋನು ಕಮ್ಮಿ, ಟಿಎಸ್‌ಎಚ್ ಜಾಸ್ತಿ. ಕೋಶಗಳು ಹೆಚ್ಚುತ್ತವೆ, ಪಂಪುಗಳು ಹೆಚ್ಚುತ್ತವೆ, ಕತ್ತು ಉಬ್ಬುತ್ತದೆ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ರಾಮಲಿಂಗಸ್ವಾಮಿ ಮತ್ತು ಜೊತೆಯವರು ಅಯೋಡಿನ್ ಬೆರೆಸಿದ ಉಪ್ಪು ಹಂಚಿ ನೋಡಿದರು. ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಇವತ್ತು ನಿಮ್ಮ ಸಾರಿಗೆ ಬೀಳುವ ಉಪ್ಪಿನ ಹಿಂದೆ ಆ ಕಣಿವೆಯ ಜನ ಇದ್ದಾರೆ.

ಅಯೋಡಿನ್ ಜಾಸ್ತಿ ತಗೊಂಡರೆ ಹಾರ್ಮೋನೂ ಜಾಸ್ತಿ ಆಗಬೇಕಲ್ವಾ?

ಹಾಗೆ ಅನ್ನಿಸುತ್ತದೆ. ಆಗುವುದು ತದ್ವಿರುದ್ಧ. 1948ರಲ್ಲಿ ವುಲ್ಫ್ ಮತ್ತು ಚೈಕಾಫ್ ಇಲಿಗಳಿಗೆ ಅಯೋಡೈಡ್ ಜಾಸ್ತಿ ಕೊಟ್ಟರು. ಗ್ರಂಥಿ ಹಾರ್ಮೋನು ಮಾಡುವುದನ್ನೇ ನಿಲ್ಲಿಸಿತು. ಎರಡು ದಿನ ಕಳೆದರೆ ಕೆಲಸ ಮತ್ತೆ ಶುರು. ಅಯೋಡೈಡ್ ಇನ್ನೂ ಸುರಿಯುತ್ತಿರುವಾಗಲೇ ಹೇಗೆ? ಕೋಶ ಎನ್‌ಐಎಸ್ ತಯಾರಿಕೆ ಇಳಿಸಿಬಿಡುತ್ತದೆ. ಎಳೆಯುವ ಕೈ ಕಮ್ಮಿಯಾದಾಗ ಒಳಗಿನ ಅಯೋಡೈಡ್ ಇಳಿಯುತ್ತದೆ, ಬೀಗ ಬಿಚ್ಚಿಕೊಳ್ಳುತ್ತದೆ.

ಎಲ್ಲರ ಗ್ರಂಥಿಯೂ ಹೀಗೆ ತಪ್ಪಿಸಿಕೊಳ್ಳುವುದಿಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡಿನ ಮೇಲೆ ತಿರುಗಿಬೀಳುವ ಹಾಶಿಮೊಟೊ ಕಾಯಿಲೆ ಇರುವವರಲ್ಲಿ ಬೀಗ ಹಾಗೇ ಬಿದ್ದು ಥೈರಾಯ್ಡ್ ಮತ್ತಷ್ಟು ಕುಗ್ಗಬಹುದು. ಅದಕ್ಕೇ "ಥೈರಾಯ್ಡ್ ಇದೆ, ಕೆಲ್ಪ್ ಮಾತ್ರೆ ತರಿಸಿಕೊಂಡೆ" ಎನ್ನುವವರನ್ನು ಕಂಡರೆ ನನಗೆ ತಲೆಬಿಸಿ. ಕೆಲ್ಪ್ ಅಂದರೆ ಕಡಲಪಾಚಿ, ಅಯೋಡಿನ್ ಕಣಜ. ವೈದ್ಯರನ್ನು ಕೇಳದೆ ಅದರ ಸಹವಾಸ ಬೇಡ.

ಕೋಸು, ಹೂಕೋಸು, ಮೂಲಂಗಿ ಬಿಡಬೇಕಾ?

ಚಿಕ್ಕಮ್ಮನ ಪ್ರಶ್ನೆ. ಬಿಡಬೇಕಿಲ್ಲ, ಬೇಯಿಸಿ ತಿನ್ನಿ.

ಹೆದರಿಕೆಗೆ ಒಂದು ಬುಡ ಇದೆ, ಅದನ್ನೂ ಹೇಳುತ್ತೇನೆ. ಈ ತರಕಾರಿಗಳಿಂದ ದೇಹದಲ್ಲಿ ಥಯೋಸಯನೇಟ್ ಉಂಟಾಗುತ್ತದೆ. ಅದರ ಗಾತ್ರ, ವಿದ್ಯುದಂಶ ಅಯೋಡೈಡನ್ನು ಹೋಲುತ್ತದೆ. ಎನ್‌ಐಎಸ್ ಮೋಸ ಹೋಗಿ ಅದರ ಕಡೆಯೂ ಕೈ ಚಾಚುತ್ತದೆ. ಮರಗೆಣಸಿನಿಂದಲೂ ಥಯೋಸಯನೇಟ್ ಬರುತ್ತದೆ, ಸಿಗರೇಟಿನ ಹೊಗೆಯಿಂದಲೂ ಬರುತ್ತದೆ. ಸೊಪ್ಪು, ಕುಡಿಯುವ ನೀರಿನಲ್ಲಿರುವ ನೈಟ್ರೇಟೂ ಇದೇ ಬಾಗಿಲಲ್ಲಿ ನೂಕಾಡುತ್ತದೆ. ಎಲ್ಲಕ್ಕಿಂತ ಗಟ್ಟಿಗ ಪರ್ಕ್ಲೋರೇಟ್, ರಾಕೆಟ್ ಇಂಧನದಲ್ಲಿ ಬಳಸುವ ವಸ್ತು. ಆದರೆ ಊಟದಲ್ಲಿ ಅಯೋಡಿನ್ ಸಾಕಷ್ಟಿದ್ದರೆ ವಾರಕ್ಕೆರಡು ಸಲದ ಕೋಸಿನ ಪಲ್ಯ ಏನೂ ಮಾಡದು. ಅಯೋಡಿನ್ ಮೊದಲೇ ಕೊರತೆ ಇದ್ದು, ದಿನವೂ ಮರಗೆಣಸೇ ಊಟವಾದ ಕಡೆ ಕಥೆ ಬೇರೆ.

ಅಂದ ಹಾಗೆ, ನಮ್ಮ ಚಿಕ್ಕಮ್ಮ ಕೋಸು ಬಿಟ್ಟು ಎಂಟು ವರ್ಷವಾಗಿತ್ತು. ಬೆಳಗಿನ ಥೈರಾಯ್ಡ್ ಮಾತ್ರೆಯನ್ನು ಮಾತ್ರ ಕಾಫಿ ಜೊತೆಗೇ ನುಂಗುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕಾಫಿ ಮಾತ್ರೆಯನ್ನು ಪೂರ್ತಿ ಒಳಸೇರಲು ಬಿಡುವುದಿಲ್ಲ.

ಹುಟ್ಟುವಾಗಲೇ ಈ ಪಂಪು ಕೆಟ್ಟಿದ್ದರೆ?

ಅಪರೂಪ, ಆದರೆ ಇದೆ. ಮಗುವಿಗೆ ಜನ್ಮದಿಂದಲೇ ಥೈರಾಯ್ಡ್ ಹಾರ್ಮೋನು ಕಮ್ಮಿ. ಹಿಮ್ಮಡಿಯಿಂದ ಎರಡು ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡಿದರೆ ಕೊರತೆ ಗೊತ್ತಾಗುತ್ತದೆ. ಕಾರಣ ಎನ್‌ಐಎಸ್ ಎಂದು ತಿಳಿಯಲು ಎಂಜಲು ನೋಡುತ್ತಾರೆ. ಜೊಲ್ಲಿನ ಗ್ರಂಥಿಗಳಲ್ಲೂ ಇದೇ ಪ್ರೊಟೀನು ಇರುವುದರಿಂದ ಸಾಮಾನ್ಯವಾಗಿ ಎಂಜಲಿನಲ್ಲಿ ಅಯೋಡೈಡ್ ರಕ್ತಕ್ಕಿಂತ ಬಹಳ ಜಾಸ್ತಿ. ಪಂಪು ಕೆಟ್ಟ ಮಕ್ಕಳಲ್ಲಿ ಎರಡೂ ಹೆಚ್ಚುಕಮ್ಮಿ ಸಮ.

ಜಪಾನಿನಲ್ಲಿ ಹೆಚ್ಚಾಗಿ ಕಂಡ ಒಂದು ದೋಷದಲ್ಲಿ 354ನೇ ಜಾಗದ ಥ್ರಿಯೊನಿನ್ ಬದಲು ಪ್ರೊಲಿನ್ ಬಂದಿರುತ್ತದೆ. 643ರಲ್ಲಿ ಒಂದೇ ಒಂದು ಮಣಿ ಬದಲು! ಆ ಥ್ರಿಯೊನಿನ್ ಸೋಡಿಯಂ ಹಿಡಿದುಕೊಳ್ಳುವ ಕೊಕ್ಕೆ. ನೊಗದ ಗೂಟ ಕಿತ್ತುಹೋದರೆ ಎತ್ತಿದ್ದೂ ಏನು ಪ್ರಯೋಜನ? ಇಂಥ ಮಕ್ಕಳಿಗೆ ಬೇಗ ಥೈರಾಕ್ಸಿನ್, ಅಂದರೆ ತಯಾರಾದ ಟಿ4, ಶುರು ಮಾಡಿದರೆ ಮೆದುಳಿನ ಬೆಳವಣಿಗೆ ಉಳಿಯುತ್ತದೆ.

ಥೈರಾಯ್ಡ್ ಸ್ಕ್ಯಾನ್‌ನಲ್ಲಿ ಬಾಯಿ, ಹೊಟ್ಟೆ ಯಾಕೆ ಹೊಳೆಯುತ್ತದೆ?

ಅಮ್ಮನ ಸ್ಕ್ಯಾನ್ ದಿನ ನಾನೂ ಹೋಗಿದ್ದೆ. ಕೈಗೆ ವಿಕಿರಣ ಸೂಸುವ ಟೆಕ್ನೀಷಿಯಂ ಚುಚ್ಚುಮದ್ದು, ಇಪ್ಪತ್ತು ನಿಮಿಷ ಕಾಯುವುದು, ಆಮೇಲೆ ಕ್ಯಾಮೆರಾ ಕೆಳಗೆ ಅಲ್ಲಾಡದೆ ಮಲಗುವುದು. ಪರದೆಯ ಮೇಲೆ ಚುಕ್ಕೆ ಚುಕ್ಕೆ ಕೂಡಿಕೊಂಡು ಚಿಟ್ಟೆಯಾಕಾರದ ಥೈರಾಯ್ಡ್ ಮೂಡಿತು. ಬಲ ರೆಕ್ಕೆಯಲ್ಲಿ ಒಂದು ಕಪ್ಪು ಖಾಲಿ. ಚಿಟ್ಟೆಯ ಮೇಲೆ ದವಡೆಯ ಎರಡೂ ಕಡೆ ಮಸುಕು ಮಸುಕಾಗಿ ಒಂದಿಷ್ಟು ಹೊಳಪು. "ಅಲ್ಲೂ ಥೈರಾಯ್ಡ್ ಇದೆಯೇನೋ?" ಎಂದು ಅಮ್ಮ ಗಾಬರಿಯಾದರು.

ಅದು ಜೊಲ್ಲಿನ ಗ್ರಂಥಿ. ಟೆಕ್ನೀಷಿಯಂನ ಈ ರೂಪವನ್ನೂ ಎನ್‌ಐಎಸ್ ಅಯೋಡೈಡ್ ಎಂದೇ ತಿಳಿದು ಎಳೆದುಕೊಳ್ಳುತ್ತದೆ. ಎನ್‌ಐಎಸ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬೆಳಕು: ಥೈರಾಯ್ಡ್, ಜೊಲ್ಲಿನ ಗ್ರಂಥಿ, ಜಠರ. ಜೊಲ್ಲಿನಲ್ಲಿ ಹೋದ ಅಯೋಡೈಡನ್ನು ನುಂಗುತ್ತೇವೆ, ಕರುಳು ಮತ್ತೆ ಹೀರಿಕೊಳ್ಳುತ್ತದೆ, ನಷ್ಟವಿಲ್ಲ. ಅಮ್ಮನ ಚಿಟ್ಟೆಯ ಕಪ್ಪು ಜಾಗ ಪಂಪು ಕೆಲಸ ಮಾಡದ ಗಂಟು. ಸೂಜಿ ಹಾಕಿ ನೋಡಿದರು, ತೊಂದರೆ ಇಲ್ಲದ ಗಂಟು ಎಂದಾಯಿತು.

ಸಿ.ಟಿ. ಸ್ಕ್ಯಾನ್‌ಗೆ ಹಾಕುವ ಕಾಂಟ್ರಾಸ್ಟ್ ಔಷಧದಲ್ಲಿ ಗ್ರಾಂಗಟ್ಟಲೆ ಅಯೋಡಿನ್ ಇರುತ್ತದೆ. ಅದಾದ ಮೇಲೆ ವಾರಗಟ್ಟಲೆ ಥೈರಾಯ್ಡ್ ಸ್ಕ್ಯಾನ್ ಸರಿಯಾಗಿ ಬರದು. ಇತ್ತೀಚೆಗೆ ಸಿ.ಟಿ. ಮಾಡಿಸಿದ್ದರೆ ಮೊದಲೇ ಹೇಳಿಬಿಡಿ.

ಅಣುಸ್ಥಾವರದ ಬಳಿ ಅಯೋಡಿನ್ ಮಾತ್ರೆ ಇಟ್ಟಿರುತ್ತಾರಂತೆ. ಉಪ್ಪು ತಿಂದರೆ ಆಗಲ್ವಾ?

ಅವಘಡವಾದರೆ ವಿಕಿರಣವಿರುವ ಅಯೋಡಿನ್ 131 ಗಾಳಿಗೆ, ಮೇವಿಗೆ, ಹಾಲಿಗೆ ಸೇರುತ್ತದೆ. ಎನ್‌ಐಎಸ್‌ಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗದು, ಎಳೆದುಕೊಳ್ಳುತ್ತದೆ. ಮೊದಲೇ ಒಳ್ಳೆಯ ಅಯೋಡೈಡನ್ನು ಸುರಿದರೆ ಬಾಗಿಲಲ್ಲಿ ಅದೇ ತುಂಬಿಕೊಂಡು ಕೆಟ್ಟದ್ದಕ್ಕೆ ಜಾಗ ಸಿಗದು. 1986ರಲ್ಲಿ ಚೆರ್ನೋಬಿಲ್ ಆದಾಗ ಪೋಲೆಂಡ್ ಸುಮಾರು ಒಂದು ಕೋಟಿ ಮಕ್ಕಳಿಗೆ ಹೀಗೆ ಅಯೋಡೈಡ್ ಕುಡಿಸಿತು.

ದೊಡ್ಡವರ ಪ್ರಮಾಣ 130 ಮಿಲಿಗ್ರಾಂ ಪೊಟ್ಯಾಸಿಯಂ ಅಯೋಡೈಡ್. ಅದರಲ್ಲಿ 100 ಮಿಲಿಗ್ರಾಂ ಅಯೋಡಿನ್. ಗ್ರಾಂಗೆ 15 ಮೈಕ್ರೋಗ್ರಾಂ ಇರುವ ಉಪ್ಪಿನಿಂದ ಅಷ್ಟು ಪಡೆಯಲು ಆರು ಕಿಲೋಗೂ ಮೀರಿ ಉಪ್ಪು ತಿನ್ನಬೇಕು! 2011ರಲ್ಲಿ ಫುಕುಶಿಮಾ ಸುದ್ದಿ ಕೇಳಿ ಚೀನಾದಲ್ಲಿ ಜನ ಉಪ್ಪಿಗೆ ಮುಗಿಬಿದ್ದಿದ್ದರು. ಉಪ್ಪು ಖಾಲಿಯಾಯಿತು, ಉಪಯೋಗ ಸೊನ್ನೆ. ಕೈಗಾ ಸುತ್ತಮುತ್ತಲಿನವರೂ ಇದನ್ನು ತಿಳಿದಿರಲಿ. ಮಾತ್ರೆಯನ್ನು ನುಂಗುವುದು ಅಧಿಕಾರಿಗಳು ಹೇಳಿದಾಗ ಮಾತ್ರ, ಮುನ್ನೆಚ್ಚರಿಕೆ ಎಂದು ಸುಮ್ನೆ ಅಲ್ಲ. ಇತರ ವಿಕಿರಣ ವಸ್ತುಗಳನ್ನು ಅದು ತಡೆಯುವುದೂ ಇಲ್ಲ.

ಥೈರಾಯ್ಡ್ ಕ್ಯಾನ್ಸರಿಗೆ ಅದೇ ವಿಕಿರಣ ಅಯೋಡಿನ್ ಕುಡಿಸುತ್ತಾರಲ್ಲ?

ಬಾಗಿಲು ಅದೇ, ಈ ಸಲ ನಮ್ಮ ಕೆಲಸಕ್ಕೆ. ಬಾಸ್ಟನ್‌ನಲ್ಲಿ ಸಾಲ್ ಹರ್ಟ್ಜ್ 1941ರಲ್ಲಿ ಥೈರಾಯ್ಡ್ ಅತಿಯಾಗಿ ದುಡಿಯುವ ರೋಗಿಗೆ ಮೊದಲ ಸಲ ವಿಕಿರಣ ಅಯೋಡಿನ್ ಕೊಟ್ಟರು. ಕುಡಿದ ಔಷಧವನ್ನು ಥೈರಾಯ್ಡ್ ಕೋಶಗಳು ತಾವಾಗಿ ಹುಡುಕಿ ಒಳಗೆಳೆದು ಸಾಯುತ್ತವೆ.

ಚಿಕಿತ್ಸೆಗೆ ಮುಂಚೆ ಕೆಲವು ದಿನ ಅಯೋಡಿನ್ ಉಪ್ಪು, ಮೀನು, ಹಾಲು ಬಿಡಿಸುವುದು ಕೋಶಗಳು ಅಯೋಡೈಡಿಗೆ ಹಸಿಯುವಂತೆ ಮಾಡಲು. ಥೈರಾಕ್ಸಿನ್ ನಿಲ್ಲಿಸುವುದು ಅಥವಾ ಟಿಎಸ್‌ಎಚ್ ಚುಚ್ಚುವುದು ಕಪಿಲೆಯನ್ನು ಕೊಟ್ಟಿಗೆಯಿಂದ ಹೊರಗೆ ತರಲು. ಕೆಲವು ಕ್ಯಾನ್ಸರ್ ಕೋಶಗಳು ಎನ್‌ಐಎಸ್ ತಯಾರಿಸುವುದನ್ನೇ ಬಿಟ್ಟುಬಿಡುತ್ತವೆ. ಅಂಥವರಿಗೆ ಈ ಔಷಧ ನಾಟದು. 2013ರಲ್ಲಿ ಅಮೆರಿಕದಲ್ಲಿ ಇಂಥ 20 ಜನರಿಗೆ ಸೆಲುಮೆಟಿನಿಬ್ ಎಂಬ ಮಾತ್ರೆ ಕೊಟ್ಟಾಗ 12 ಜನರ ಗೆಡ್ಡೆಗಳು ಮತ್ತೆ ಅಯೋಡಿನ್ ಎಳೆಯತೊಡಗಿದವು.

ತಾಯಿಯ ಹಾಲಿಗೆ ಅಯೋಡಿನ್ ಹೇಗೆ ಬರುತ್ತದೆ?

ಹಾಲೂಡಿಸುವ ದಿನಗಳಲ್ಲಿ ಸ್ತನದ ಕೋಶಗಳಲ್ಲೂ ಎನ್‌ಐಎಸ್ ಹುಟ್ಟುತ್ತದೆ. ಮಗುವಿನ ಥೈರಾಯ್ಡಿಗೆ ಬೇಕಾದದ್ದನ್ನು ತಾಯಿಯ ರಕ್ತದಿಂದ ಎತ್ತಿ ಹಾಲಿಗೆ ಹಾಕುತ್ತದೆ. ಸಿಗರೇಟು ಸೇದುವ ತಾಯಂದಿರ ಹಾಲಿನಲ್ಲಿ ಅಯೋಡಿನ್ ಕಮ್ಮಿ ಇರುವುದನ್ನು ಡೆನ್ಮಾರ್ಕಿನಲ್ಲಿ ಕಂಡಿದ್ದಾರೆ. ಥಯೋಸಯನೇಟಿನ ಅದೇ ಹಳೇ ನೂಕಾಟ. ವಿಕಿರಣ ಅಯೋಡಿನ್ ಚಿಕಿತ್ಸೆಗೆ ಮುಂಚೆ ತಾಯಿ ಹಾಲೂಡಿಸುವುದನ್ನು ನಿಲ್ಲಿಸುವುದೂ ಸ್ತನದಲ್ಲಿ ಈ ಪಂಪು ಇರುವ ಕಾರಣಕ್ಕೇ.

ನಾನು ದಿನಾ ಥೈರಾಕ್ಸಿನ್ ನುಂಗುತ್ತೇನೆ. ನನಗೆ ಅಯೋಡಿನ್ ಉಪ್ಪು ಬೇಕಾ?

ಮನೆಮಂದಿಗೆಲ್ಲ ಯಾವ ಉಪ್ಪೋ ನಿಮಗೂ ಅದೇ. ಅದು ನಿಮ್ಮ ಕಾಯಿಲೆಗೆ ಔಷಧವೂ ಅಲ್ಲ, ವಿಷವೂ ಅಲ್ಲ. ಮಾತ್ರೆಗೆ ಕಪಿಲೆ ಬೇಕಿಲ್ಲ, ಅದು ತಯಾರಾದ ಟಿ4. ತೂಕದಲ್ಲಿ ನೂರಕ್ಕೆ 65 ಪಾಲು ಅಯೋಡಿನ್ನೇ. 100 ಮೈಕ್ರೋಗ್ರಾಂ ಮಾತ್ರೆಯಲ್ಲಿ ಸುಮಾರು 65 ಮೈಕ್ರೋಗ್ರಾಂ ಇದ್ದ ಹಾಗಾಯಿತು. ಯಕೃತ್ತು, ಮೂತ್ರಪಿಂಡಗಳಲ್ಲಿ ಟಿ4ರಿಂದ ಒಂದು ಅಯೋಡಿನ್ ಕಿತ್ತಾಗ ಟಿ3 ಆಗುತ್ತದೆ. ಕಿತ್ತದ್ದು ಅಯೋಡೈಡಾಗಿ ಮತ್ತೆ ರಕ್ತಕ್ಕೆ ಬೀಳುತ್ತದೆ. ಸ್ವಲ್ಪ ಮೂತ್ರದಲ್ಲಿ ಹೋಗುತ್ತದೆ, ಸ್ವಲ್ಪವನ್ನು ನಿಮ್ಮ ಕತ್ತಿನಲ್ಲಿ ಇನ್ನೂ ದುಡಿಯುತ್ತಿರುವ ಒಂದಷ್ಟು ಕೋಶಗಳು ಎಳೆದುಕೊಳ್ಳುತ್ತವೆ.